ಓಲೆ, ಬುಗಡಿ, ಮಣಿ: ಮಲಪ್ರಭೆಯ ದಂಡೆಯಿಂದ ಕಿವಿಯ ಇತಿಹಾಸ

ಕಿವಿಗೆ ಹಾಕಿಕೊಳ್ಳುವ ಆಭರಣಕ್ಕೆ ಕನ್ನಡದಲ್ಲಿರುವ ತೀರ ಸಾಮಾನ್ಯವಾದ ಹೆಸರು ಓಲೆ. ನಮ್ಮ ಕಡೆ ಅದನ್ನೇ ವಾಲಿ ಅನ್ನುತ್ತೇವೆ. ಬಂಗಾರದ ವಾಲಿ, ಹರಳಿನ ವಾಲಿ, ಮುತ್ತಿನ ವಾಲಿ ಎಂದು ದಿನವೂ ಆಡುವ ಈ ಮಾತಿನೊಳಗೆ ಒಂದು ಮರ ಅಡಗಿದೆ ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಓಲೆ ಎಂದರೆ ತಾಳೆಯ ಗರಿ. ಕಾಗದ ಬರುವ ಮುಂಚೆ ಜನ ಅದರ ಮೇಲೆ ಬರೆದರು, ಪತ್ರಕ್ಕೆ ಓಲೆ ಎಂದು ಹೆಸರಾಯಿತು. ಅದೇ ಗರಿಯ ಒಂದು ತುಂಡನ್ನು ಬಿಗಿಯಾಗಿ ಸುರುಳಿ ಸುತ್ತಿ ಕಿವಿಯ ತೂತಿಗೆ ಇಟ್ಟುಕೊಂಡರು, ಆಭರಣಕ್ಕೂ ಅದೇ ಹೆಸರು ನಿಂತಿತು. ಕಿಟೆಲ್ ಅವರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ಈ ಅರ್ಥಗಳು ಒಂದೇ ಪದದ ಕೆಳಗೆ ಅಕ್ಕಪಕ್ಕ ಕೂತಿವೆ. ಸರಕಾರದ ಓಲೆ ಹೊತ್ತು ಊರೂರು ಅಲೆಯುತ್ತಿದ್ದ ಓಲೆಕಾರ ನಮ್ಮಲ್ಲಿ ವಾಲೀಕಾರನಾಗಿ, ಈಗ ಬರಿಯ ಅಡ್ಡಹೆಸರಾಗಿ ಉಳಿದಿದ್ದಾನೆ. ಅವನ ಕೈಯಲ್ಲಿದ್ದದ್ದೂ ಅವನ ಹೆಂಡತಿಯ ಕಿವಿಯಲ್ಲಿದ್ದದ್ದೂ ಒಂದೇ ಮರದ ಎಲೆ.

ಇನ್ನೊಂದು ಪದ ಬೆಂಡೋಲೆ. ನಮ್ಮ ಹಿರಿಯರ ಬಾಯಲ್ಲಿ ಬೆಂಡ್ವಾಲಿ. ಬೆಂಡು ಅಂದರೆ ಗಿಡದ ಕಾಂಡದೊಳಗಿನ ಹಗುರಾದ ಬಿಳಿಯ ತಿರುಳು. ಜೋಳದ ಸೀಮೆಯ ಮಕ್ಕಳಿಗೆ ಬೆಂಡನ್ನು ಪರಿಚಯಿಸಬೇಕಿಲ್ಲ. ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಚಕ್ಕಡಿ, ಚಾಳೀಸು ಮಾಡಿ ಆಡಿದವರೇ ನಾವೆಲ್ಲ. ಇಂದು ಬೆಂಡೋಲೆ ಎಂದರೆ ಹರಳು ಕೂರಿಸಿದ ಬಂಗಾರದ ದುಂಡನೆಯ ಒಡವೆ. ಹೆಸರು ಮಾತ್ರ ತಿರುಳನ್ನು ಬಿಟ್ಟಿಲ್ಲ.

ನಾನು ಇತಿಹಾಸ ಓದಿಸುವವಳು. ಈ ಎರಡು ಪದಗಳು ನನಗೆ ಶಾಸನದಷ್ಟೇ ಬೆಲೆಯುಳ್ಳ ಸಾಕ್ಷಿಗಳಾಗಿ ಕಾಣುತ್ತವೆ. ಮೊದಲು ಬಂಗಾರದ ಒಡವೆ ಇತ್ತು, ಅದು ಕೈಗೆಟುಕದ ಬಡವರು ಎಲೆಯಲ್ಲೋ ಗಾಜಿನಲ್ಲೋ ಅದರ ನಕಲು ಮಾಡಿಕೊಂಡರು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಪದಗಳು ಹೇಳುವುದು ಇದರ ತಿರುವು ಮುರುವು. ಮೊದಲು ಹಿತ್ತಲಿನ ಎಲೆ, ಹೊಲದ ಬೆಂಡು. ಅದರ ಆಕಾರ ನೋಡಿ ಆಮೇಲೆ ಅಕ್ಕಸಾಲಿಗ ಬಂಗಾರದಲ್ಲಿ ಮಾಡಿದ. ಸಂಸ್ಕೃತದಲ್ಲೂ ಇದೇ ಕಥೆ. ಆನೆಯ ದಂತದಲ್ಲಿ ಕೊರೆದ ಕಿವಿಯೋಲೆಗೆ ಅಲ್ಲಿ ದಂತಪತ್ರ ಎಂದು ಹೆಸರು. ವಸ್ತು ದಂತವಾದರೂ ಹೆಸರಿನಲ್ಲಿ ಎಲೆ ಇದೆ.

ಈ ಮಾತಿಗೆ ಕಲ್ಲಿನ ಸಾಕ್ಷಿಯೂ ಇದೆ. ನಮ್ಮ ಮುನವಳ್ಳಿ ಇರುವುದು ಮಲಪ್ರಭೆಯ ದಂಡೆಯ ಮೇಲೆ. ಇದೇ ಹೊಳೆಯ ಕೆಳಗಿನ ಬಯಲಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿವೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಆ ಗುಹೆಗಳಿಗೆ ಹೋದವರು ದೇವತೆಗಳ ಕೈಯಲ್ಲಿರುವ ಆಯುಧ ನೋಡುತ್ತಾರೆ. ಒಮ್ಮೆ ಕಿವಿಗಳನ್ನಷ್ಟೇ ನೋಡುತ್ತ ಹೋಗಬೇಕು. ಭುಜಕ್ಕೆ ತಾಗುವಂತೆ ಇಳಿಬಿದ್ದ ಕಿವಿಹಾಲೆ, ಅದರ ದೊಡ್ಡ ತೂತಿನಲ್ಲಿ ಕೂತ ಬಳೆಯಂಥ ಆಭರಣ. ಶಿಲ್ಪಶಾಸ್ತ್ರದವರು ಸುರುಳಿ ಸುತ್ತಿದ ಎಲೆಯಂಥ ಆಭರಣವನ್ನು ಪತ್ರಕುಂಡಲ ಎನ್ನುತ್ತಾರೆ. ಅರ್ಧನಾರೀಶ್ವರನ ಎರಡು ಕಿವಿಗೆ ಎರಡು ಬಗೆಯ ಆಭರಣ ತೊಡಿಸುವುದು ಶಿಲ್ಪಿಗಳ ರೂಢಿ. ಗಂಡು ಹೆಣ್ಣಿನ ಗುರುತು ಕಿವಿಯಿಂದಲೇ ಶುರು. ಎಲೆಯ ಸುರುಳಿಗೆ ಒಂದು ಗುಣವಿದೆ: ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಹಾಗೆ ಬಿಚ್ಚುತ್ತ ತೂತನ್ನು ದಿನದಿನಕ್ಕೆ ಹಿಗ್ಗಿಸುತ್ತದೆ. ದೊಡ್ಡ ಬಂಗಾರದ ಓಲೆಗೆ ಜಾಗ ಮಾಡಿಕೊಟ್ಟದ್ದು ಹೀಗೆ ಎಲೆಯೇ.

ಹನ್ನೆರಡನೆಯ ಶತಮಾನದ ಹೊತ್ತಿಗೆ ಆಭರಣ ರಾಜರ ಬರವಣಿಗೆಯ ವಸ್ತುವೂ ಆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126-1138) ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ಹೇಳುತ್ತ ಒಡವೆಗಳಿಗೂ ಜಾಗ ಕೊಟ್ಟಿದ್ದಾನೆ. ಆಗ ನಮ್ಮ ಸವದತ್ತಿ ಸೀಮೆ ಚಾಲುಕ್ಯರ ಸಾಮಂತರಾದ ರಟ್ಟರ ಕೈಯಲ್ಲಿತ್ತು. ಕುಂಡಿ ಮೂರು ಸಾವಿರ ಎಂದು ಅದರ ಹೆಸರು. ರಟ್ಟರ ನಂತರ ಸೇವುಣರು ಬಂದರು. ಮುನವಳ್ಳಿಯ ಪಂಚಲಿಂಗೇಶ್ವರ ಗುಡಿ ಆ ಕಾಲವನ್ನು ನೆನಪಿಸುತ್ತ ಇಂದಿಗೂ ನಿಂತಿದೆ. ಬ್ರಿಟಿಷರ ಗೆಜೆಟಿಯರಿನಲ್ಲಿ ನಮ್ಮ ಊರು ‘ಮನೋಳಿ’. ಅಲ್ಲಿ ಎರಡು ಸಂಗತಿಗೆ ನಮಗೆ ಜಾಗ ಸಿಕ್ಕಿದೆ. ಒಂದು, 1800ರ ಜುಲೈ ಕೊನೆಗೆ ವೆಲ್ಲೆಸ್ಲಿಯ ದಂಡು ಇಲ್ಲಿ ಹೊಳೆಯ ದಂಡೆಯ ಮೇಲೆ ಧೋಂಡಿಯಾ ವಾಘನ ಪಾಳೆಯದ ಮೇಲೆ ಎರಗಿದ್ದು. ಇನ್ನೊಂದು, ನೂಲಿಗೆ ಹಾಕುವ ಬಣ್ಣಕ್ಕೆ ಈ ಊರು ಹೆಸರಾಗಿದ್ದು. ಬಣ್ಣದ ನೂಲಿನ ಊರಿನಲ್ಲಿ ಹೆಂಗಸರು ಆ ನೂಲಿಗೆ ಏನು ಪೋಣಿಸಿದರು ಎಂಬುದು ಗೆಜೆಟಿಯರ್ ಬರೆದವರಿಗೆ ಬೇಕಿರಲಿಲ್ಲ.

ಮಣಿಯ ವಯಸ್ಸು ಬಂಗಾರಕ್ಕಿಂತ ಕಿರಿದೇನಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಉತ್ಖನನ ನಡೆಸಿದಾಗ ಕೆಂಪುಗಲ್ಲು, ಅಗೇಟು, ಚಿಪ್ಪು, ಸುಟ್ಟ ಮಣ್ಣು, ಹೀಗೆ ಬಗೆಬಗೆಯ ಮಣಿಗಳು ಸಿಕ್ಕವು. ಅದೇ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವನು ಬೀಡನ್ ಎಂಬ ಬಂಗಾರದ ಗಣಿಯ ಇಂಜಿನಿಯರು ಎಂಬುದು ಈ ಕಥೆಗೆ ಒಪ್ಪುವ ಸಂಗತಿ. ಕೆಂಪುಗಲ್ಲಿನಂಥ ಗಟ್ಟಿ ಕಲ್ಲಿಗೆ ತೂತು ಕೊರೆಯುವುದೆಂದರೆ ತಾಳ್ಮೆಯ ಕೆಲಸ. ಎರಡೂ ಕಡೆಯಿಂದ ಕೊರೆಯುತ್ತ ಬಂದು ನಡುವೆ ಕೂಡಿಸಬೇಕು. ಹಳೆಯ ಮಣಿಯನ್ನು ಬೆಳಕಿಗೆ ಹಿಡಿದರೆ ಎರಡು ತೂತು ಕೂಡಿದಲ್ಲಿ ಕೊಂಚ ಸೊಟ್ಟಗಾಗಿರುವುದು ಕಾಣಿಸುವುದುಂಟು.

ಗಾಜು ಬಂದ ಮೇಲೆ ಮಣಿ ಅಗ್ಗವಾಯಿತು. ಕರಗಿದ ಗಾಜನ್ನು ಟೊಳ್ಳಾದ ಉದ್ದ ಕೊಳವೆಯಾಗಿ ಎಳೆದು, ತುಂಡು ತುಂಡು ಕತ್ತರಿಸಿ, ಮತ್ತೆ ಬಿಸಿಗೆ ಹಿಡಿದು ಅಂಚು ಮೆತ್ತಗೆ ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಪುದುಚೇರಿ ಹತ್ತಿರದ ಅರಿಕಮೇಡು ಅದರ ದೊಡ್ಡ ನೆಲೆಯಾಗಿತ್ತು. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಆ ವಿದ್ಯೆ ನಮ್ಮ ಕಾಲದವರೆಗೂ ಉಳಿದು ಬಂತು. ಇಂಥ ಮಣಿಗಳು ಕಡಲು ದಾಟಿ ಆಫ್ರಿಕದಿಂದ ಆಗ್ನೇಯ ಏಷ್ಯಾದವರೆಗೆ ಹೋದವು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ವೆನಿಸ್ಸಿನ, ಬೊಹೀಮಿಯಾದ ಸಾಸಿವೆಯಂಥ ಮಣಿಗಳು ನಮ್ಮ ಬಂದರುಗಳಿಗೆ ಬಂದು ಇಳಿಯತೊಡಗಿದವು. ಇಂದು ಪೇಟೆಯಲ್ಲಿ ಸಿಗುವ ಮಣಿಗಳು ಉತ್ತರಪ್ರದೇಶದ ಪುರ್ದಿಲ್‌ನಗರದವೂ ಇರಬಹುದು, ಚೀನಾದವೂ ಇರಬಹುದು. ನಮ್ಮೂರಿಗೆ ಮಾತ್ರ ಮಣಿ ಬರುತ್ತಿದ್ದುದು ಬಹಳ ಕಾಲ ಒಂದೇ ದಾರಿಯಿಂದ. ಸೂಜಿ, ದಬ್ಬಣ, ಪಿನ್ನು, ಕರಿಮಣಿ ಎಂದು ಕೂಗುತ್ತ ಓಣಿಗೆ ಬರುತ್ತಿದ್ದ ಅಲೆಮಾರಿ ಹೆಂಗಸರ ಬುಟ್ಟಿಯಿಂದ. ಹಳೆ ಬಟ್ಟೆಗೆ, ಒಂದು ಸೇರು ಜೋಳಕ್ಕೆ ಅವರು ಮಣಿ ಅಳೆದು ಕೊಡುತ್ತಿದ್ದರು.

ಎಲೆ, ಬೆಂಡು, ಮಣಿ ಇವಿಷ್ಟಕ್ಕೂ ಮನೆ ಸಾಕು. ತಂತಿಗೆ ಮಾತ್ರ ಕುಲುಮೆ ಬೇಕಿತ್ತು. ಅದು ಪತ್ತಾರರ ಕೆಲಸ. ಉಕ್ಕಿನ ಪಟ್ಟಿಯೊಂದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತುಗಳು. ಬಂಗಾರದ ಸಣ್ಣ ಸಲಾಕೆಯ ತುದಿ ಚೂಪು ಮಾಡಿ ಮೊದಲ ತೂತಿನಲ್ಲಿ ತೂರಿಸಿ ಎಳೆಯುವುದು, ಗಡುಸಾದರೆ ಕಾಯಿಸುವುದು, ಮುಂದಿನ ತೂತಿಗೆ ಹಾಕಿ ಮತ್ತೆ ಎಳೆಯುವುದು. ಕೂದಲಿನಂಥ ಎಳೆ ಬರುವವರೆಗೆ ಇದೇ. ಆ ತಂತಿಯಿಂದ ಪತ್ತಾರರು ಮಾಡುತ್ತಿದ್ದ ಒಡವೆಗಳಲ್ಲಿ ನಮ್ಮ ಭಾಗದ ಹೆಮ್ಮೆ ಬುಗಡಿ. ಕಿವಿಯ ಹಾಲೆಯಲ್ಲಿ ಹಾಕುವಂಥದ್ದಲ್ಲ ಇದು. ಕಿವಿಯ ಮೇಲಂಚಿಗೆ ಚುಚ್ಚಿಸಿ ಹಾಕುವುದು. ಮುತ್ತಿನ ಬುಗಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಅದು ತಂತಿಗೆ ಮಣಿ ಪೋಣಿಸಿ ಮಾಡಿದ ಒಡವೆಯೇ. ಸಣ್ಣ ಮುತ್ತುಗಳನ್ನು ಬಂಗಾರದ ಎಳೆಗೆ ಏರಿಸಿ, ಎಳೆಯ ತುದಿಯನ್ನು ಅದರ ಬುಡಕ್ಕೇ ಎರಡು ಮೂರು ಸುತ್ತು ಸುತ್ತಿ ನಿಲ್ಲಿಸಿರುತ್ತಾರೆ. ಮೂಗಿನ ನತ್ತಿನದೂ ಇದೇ ಕ್ರಮ.

ಈ ಬಂಗಾರವನ್ನು ತೂಗುತ್ತಿದ್ದುದು ಗುಲಗಂಜಿಯಿಂದ. ತೊಂಬತ್ತಾರು ಗುಲಗಂಜಿ ಸೇರಿದರೆ ಒಂದು ತೊಲಿ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಬೇಲಿಯಲ್ಲಿ ಪುಕ್ಕಟೆ ಸಿಗುವ ಕೆಂಪು ಕಾಳು, ತಲೆಯ ಮೇಲೊಂದು ಕರಿ ಬೊಟ್ಟು. ಪತ್ತಾರನ ತಕ್ಕಡಿಯಲ್ಲಿ ಅದು ತೂಕದ ಕಲ್ಲು. ಬಂಗಾರ ಕೊಳ್ಳಲಾಗದವರಿಗೆ ಅದೇ ಮಣಿ. ತೂತು ಮಾಡುವಾಗ ಮಾತ್ರ ಎಚ್ಚರ ಬೇಕು, ಒಡೆದ ಗುಲಗಂಜಿ ಹೊಟ್ಟೆಗೆ ಹೋದರೆ ಜೀವ ತೆಗೆಯುವಂಥ ವಿಷ.

ಬುಗಡಿ ಅಂದಕ್ಕೆ ಮಾತ್ರ ಇದ್ದದ್ದಲ್ಲ. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ ಇರುತ್ತಿದ್ದ ಕಾಲದಲ್ಲಿ ಹೆಣ್ಣಿನ ಸ್ವಂತದ ಆಸ್ತಿ ಎಂದರೆ ಕಿವಿ, ಮೂಗು, ಕೊರಳಲ್ಲಿದ್ದದ್ದು. 1972ರ ಬರದಲ್ಲಿ ನಮ್ಮ ಅಜ್ಜಿ ತನ್ನ ಬುಗಡಿ ಒತ್ತೆ ಇಟ್ಟು ಜೋಳ ತಂದಿದ್ದಳಂತೆ. ತೂತು ಮುಚ್ಚಬಾರದೆಂದು ಅದರೊಳಗೆ ಬೇವಿನ ಕಡ್ಡಿ ಇಟ್ಟುಕೊಂಡಳು. ಬಿಡಿಸಿಕೊಂಡು ಬರುವ ಆಸೆ ಆ ಕಡ್ಡಿಯಲ್ಲಿತ್ತು. ಬಡ್ಡಿ ಅಸಲನ್ನು ದಾಟಿತು, ಬುಗಡಿ ಮರಳಲಿಲ್ಲ. ನಾನು ಹುಟ್ಟಿ ದೊಡ್ಡವಳಾಗುವ ಹೊತ್ತಿಗೂ ಅಜ್ಜಿಯ ಕಿವಿಯ ಮೇಲಂಚಿನಲ್ಲಿ ಕಡ್ಡಿ ಇರುತ್ತಿತ್ತು. ತಿಂಗಳಿಗೊಮ್ಮೆ ಹೊಸದು ಬದಲಾಯಿಸುತ್ತಿದ್ದಳು. “ಕಡ್ಡಿ ಯಾಕ ಆಯೀ?” ಎಂದರೆ “ಕಿವಿ ಬರಿದ ಇರಬಾರದವ್ವಾ” ಅನ್ನುವಳು. ಓಲೆ, ಬೆಂಡುಗಳ ಇತಿಹಾಸ ಓದಿದ ಮೇಲೆ ನನಗೆ ಅದು ಬೇರೆಯಾಗಿ ಕಾಣತೊಡಗಿತು. ಬಂಗಾರ ಬಂದು ಹೋದ ಮೇಲೆ ಕಿವಿ ಮತ್ತೆ ಗಿಡದ ಹತ್ತಿರವೇ ಹೋಗಿತ್ತು.

ಬಂಗಾರದ ತಂತಿ ಎಳೆಯುವವರಿಗೂ ಅದೇ ಹೊತ್ತಿನಲ್ಲಿ ಕಷ್ಟ ಬಂದಿತ್ತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಅಂದಿನ ಅರ್ಥಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣದ ನಿಯಮಗಳನ್ನು ತಂದರು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದು ಎಂಬುದು ಅದರ ಮುಖ್ಯ ಕಟ್ಟಳೆ. ಕಳ್ಳಸಾಗಣೆ ನಿಲ್ಲಿಸುವುದು, ವಿದೇಶಿ ವಿನಿಮಯ ಉಳಿಸುವುದು ಉದ್ದೇಶ. ಆದರೆ ಹದಿನಾಲ್ಕು ಕ್ಯಾರೆಟ್ಟಿನ ಬಂಗಾರ ಗಡುಸು, ಅಷ್ಟು ಸುಲಭಕ್ಕೆ ಕೂದಲೆಳೆಯಾಗಿ ಎಳೆಯಲು ಬರುವುದಿಲ್ಲ. ಅಂಥ ಒಡವೆಯನ್ನು ನಮ್ಮ ಜನ ಮದುವೆಗೆ ಒಪ್ಪಲೂ ಇಲ್ಲ. ದೇಶದ ಲಕ್ಷಾಂತರ ಅಕ್ಕಸಾಲಿಗರ ಕೈ ಖಾಲಿಯಾಯಿತು. ಕೆಲವರು ಜೀವ ಕಳಕೊಂಡ ಸುದ್ದಿ ಸಂಸತ್ತಿನವರೆಗೂ ಹೋಯಿತು. 1966ರಲ್ಲಿ ಕ್ಯಾರೆಟ್ಟಿನ ಕಟ್ಟು ಸಡಿಲವಾಯಿತಾದರೂ 1968ರಲ್ಲಿ ನಿಯಂತ್ರಣವೇ ಕಾಯಿದೆಯಾಗಿ ನಿಂತಿತು. ಅದು ರದ್ದಾದದ್ದು 1990ರಲ್ಲಿ. ನಮ್ಮ ಓಣಿಯ ಪತ್ತಾರ ಅಜ್ಜ ಆ ವರ್ಷಗಳಲ್ಲಿ ಅಗ್ಗಿಷ್ಟಿಕೆ ಆರಿಸಿ ಕೊಡೆ, ಟಾರ್ಚು ರಿಪೇರಿಗೆ ಕೂತನೆಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಕೈ ಮರೆಯಬಾರದೆಂದು ಹಿತ್ತಾಳೆ ತಂತಿಗೆ ಗಾಜಿನ ಮಣಿ ಸುತ್ತಿ ಓಣಿಯ ಹುಡುಗಿಯರಿಗೆ ಝುಮಕಿ ಮಾಡಿ ಕೊಡುತ್ತಿದ್ದನಂತೆ. ಅದನ್ನು ನೋಡಿ ನೋಡಿ ಸುತ್ತು ಹಾಕುವುದನ್ನು ಹುಡುಗಿಯರೂ ಕಲಿತರು. ಕುಲುಮೆಯ ಕಸುಬು ಪಡಸಾಲೆಗೆ ದಾಟಿದ್ದು ನಮ್ಮ ಓಣಿಯಲ್ಲಿ ಹಾಗೆ. ಪೇಟೆಯಲ್ಲಿ ಬೆಂಟೆಕ್ಸ್ ಎಂಬ ಒಂದು ಮಾತು ಎಲ್ಲ ನಕಲಿ ಒಡವೆಗೂ ಹೆಸರಾದದ್ದು ಆಮೇಲಿನ ಕಥೆ.

ಮಣಿಯ ಬಗ್ಗೆ ಸವದತ್ತಿ ಸೀಮೆಯಲ್ಲಿ ಕೂತು ಬರೆಯುವವಳು ಇನ್ನೊಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗಲಾಗದು. ಎಲ್ಲಮ್ಮನ ಗುಡ್ಡ ನಮಗೆ ಹತ್ತಿರ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ನಮ್ಮ ದಾರಿಗಳೆಲ್ಲ ಚಕ್ಕಡಿ, ಟ್ರ್ಯಾಕ್ಟರಿನಿಂದ ತುಂಬುತ್ತವೆ. ಗುಡ್ಡದ ಅಂಗಡಿಗಳಲ್ಲಿ ಕುಂಕುಮ ಭಂಡಾರದ ಗುಡ್ಡೆಗಳ ಪಕ್ಕದಲ್ಲಿ ಬಳೆ, ಕವಡಿ, ಮಣಿ. ಆ ಮಣಿಗಳಲ್ಲೇ ಕೆಂಪು ಬಿಳಿ ಮಣಿಯ ಒಂದು ಸರಕ್ಕೆ ಬೇರೆಯದೇ ಅರ್ಥ. ಅದನ್ನು ಹುಡುಗಿಯೊಬ್ಬಳ ಕೊರಳಿಗೆ ಕಟ್ಟಿದರೆ ಮುತ್ತು ಕಟ್ಟಿದಂತೆ. ಆಕೆ ದೇವರಿಗೆ ಬಿಟ್ಟವಳು, ದೇವದಾಸಿ. ಮದುವೆಯ ಹಕ್ಕಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ಹೀಗೆ ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಕಾಯಿದೆ ಬಂದಿತ್ತು. ಆದರೂ ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ತನ್ನದೇ ಕಾಯಿದೆ ತಂದು, ಮುತ್ತು ಕಟ್ಟಿಸಿದವರಿಗೆ, ಅದಕ್ಕೆ ನೆರವಾದವರಿಗೆ ಶಿಕ್ಷೆ ಗೊತ್ತು ಮಾಡಿತು. ಕಾಯಿದೆಗಿಂತ ಹೆಚ್ಚಿನ ಕೆಲಸ ಮಾಡಿದವರು ಆ ಸರವನ್ನು ಕಿತ್ತಿಟ್ಟ ಹೆಂಗಸರು. ಬೆಳಗಾವಿ ಜಿಲ್ಲೆಯಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡು, ಇನ್ನೊಂದು ಹುಡುಗಿಗೆ ಮುತ್ತು ಕಟ್ಟದಂತೆ ಊರೂರಿನಲ್ಲಿ ಕಾವಲು ನಿಂತರು.

ಒಂದೇ ಗಾಜಿನ ಮಣಿ. ತಾನೇ ಪೋಣಿಸಿ ಕಿವಿಗೆ ಹಾಕಿಕೊಂಡರೆ ಅಲಂಕಾರ, ಇನ್ನೊಬ್ಬರು ತಂದು ಕೊರಳಿಗೆ ಕಟ್ಟಿದರೆ ಬಂಧನ. ಕರಿಮಣಿಯೂ ಕಟ್ಟುವಂಥದ್ದೇ. ಕಟ್ಟಿದವರು ಸತ್ತರೆ ಅದನ್ನು ಹರಿದು ತೆಗೆಯುವವರೂ ಬೇರೆಯವರೇ. ಕಿವಿಯ ಒಡವೆಗೆ ಈ ಭಾರ ಕಡಿಮೆ. ನಮ್ಮ ಕಡೆ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಕಿವಿ ಚುಚ್ಚುತ್ತಾರೆ. ಜಾತಿ ಯಾವುದಿದ್ದರೂ ಚುಚ್ಚುತ್ತಾರೆ. ಆಮೇಲೆ ಅದರಲ್ಲಿ ಏನು ಹಾಕಿಕೊಳ್ಳಬೇಕೆಂಬುದು ಬಹುಮಟ್ಟಿಗೆ ಅವರವರ ಇಷ್ಟ, ಅವರವರ ಅಳತೆ. ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಮೊದಲು ಮಾಡಿಕೊಂಡ ಒಡವೆ ಕಿವಿಯದೇ ಆಗಿರಲು ಇದೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ.

ಈಗ ನಮ್ಮ ಮನೆಯಲ್ಲಿ ತಂಗಿಯ ಮಗಳು ಆ ಕೆಲಸಕ್ಕೆ ಕೂರುತ್ತಾಳೆ. ಬಿ.ಎ. ಎರಡನೆಯ ವರ್ಷ. ಲಾಕ್‌ಡೌನಿನಲ್ಲಿ ಮೊಬೈಲ್ ನೋಡಿ ಕಲಿತದ್ದು, ಈಗ ಕಾಲೇಜಿನ ಗೆಳತಿಯರಿಗೆ ಮಾರುವಷ್ಟಾಗಿದೆ. ಬೇಕಾಗುವ ಸಾಮಾನು ಸ್ವಲ್ಪವೇ. ಕಿವಿಗೆ ಸಿಗಿಸುವ ಕೊಂಡಿಗೆ 0.8 ಮಿಲಿಮೀಟರ್ ದಪ್ಪದ ತಂತಿ, ಮಣಿ ಪೋಣಿಸಲು ಅದರ ಅರ್ಧದಷ್ಟು ತೆಳ್ಳನೆಯದು, ಒಂದು ದುಂಡು ಮೂತಿಯ ಪಕ್ಕಡ, ಒಂದು ಕತ್ತರಿಸುವ ಪಕ್ಕಡ, ಉಗುರು ಉಜ್ಜುವ ಅರ. ಕೊಂಡಿ ಬಗ್ಗಿಸಲು ಪೆನ್ನೇ ಅಚ್ಚು. ಪೆನ್ನಿನ ಮೇಲೆ ತಂತಿ ಬಾಗಿಸಿದರೆ ಎರಡೂ ಕಿವಿಯದು ಒಂದೇ ಅಳತೆಗೆ ಬರುತ್ತದೆ. ಮಣಿ ಏರಿಸಿ, ತುದಿಯನ್ನು ಪಕ್ಕಡದ ಮೂತಿಗೆ ಸುತ್ತಿ ಕಣ್ಣಿ ಮಾಡಿ, ಉಳಿದ ತಂತಿಯನ್ನು ಕಣ್ಣಿಯ ಬುಡಕ್ಕೆ ಎರಡೂವರೆ ಸುತ್ತು. ಕತ್ತರಿಸಿದ ತುದಿ ಚುಚ್ಚಬಾರದೆಂದು ಒಳಕ್ಕೆ ಒತ್ತಿ, ಅರದಿಂದ ಉಜ್ಜುತ್ತಾಳೆ. ಆ ಎರಡೂವರೆ ಸುತ್ತು ಮುತ್ತಿನ ಬುಗಡಿಯದೇ ಸುತ್ತು.

“ದೊಡ್ಡವ್ವ, ಈ ತಂತಿಗೆ ಕಿವಿ ತುರಸ್ತಾವಂತ ಗೆಳತ್ಯಾರು ಅಂತಾರ, ಏನ್ ಮಾಡ್ಲಿ?” ಎಂದು ಒಮ್ಮೆ ಕೇಳಿದಳು. ಅಗ್ಗದ ಬಿಳಿ ತಂತಿಯಲ್ಲಿ ನಿಕ್ಕಲ್ ಬೆರೆತಿರುತ್ತದೆ, ಹಲವರ ಚರ್ಮಕ್ಕೆ ಅದು ಆಗುವುದಿಲ್ಲ. ಕೊಂಡಿಗೆ ಮಾತ್ರ ಬೆಳ್ಳಿಯ ತಂತಿ ಹಾಕು ಎಂದೆ. ಬೆಲೆ ಹೆಚ್ಚಿಸಬೇಕಾಯಿತು, ಗೆಳತಿಯರು ಕೊಟ್ಟರು. ಲೆಕ್ಕ ಬರೆಯುವುದನ್ನೂ ಕಲಿಸಿದೆ: ತಂತಿ ಎಷ್ಟು, ಮಣಿ ಎಷ್ಟು, ಡಬ್ಬಿ ಎಷ್ಟು. ಆಕೆ ಬರೆಯದೆ ಬಿಟ್ಟದ್ದು ಒಂದೇ, ತನ್ನ ತಾಸುಗಳನ್ನು. ಹೆಂಗಸರ ಕೈಕೆಲಸದ ಲೆಕ್ಕದಲ್ಲಿ ಈ ಕಲಮು ಯಾವಾಗಲೂ ಖಾಲಿ ಇರುತ್ತದೆ. ಕಸೂತಿಯ ಎಳೆ ಎಣಿಸಿದವರ ತಾಸನ್ನು ಯಾರೂ ಎಣಿಸಲಿಲ್ಲ, ಕೌದಿ ಹೊಲಿದವರದೂ ಇಲ್ಲ. ಈಗ ಅವಳ ವಹಿಯಲ್ಲಿ ಅದಕ್ಕೊಂದು ಸಾಲು ಹಾಕಿಸಿದ್ದೇನೆ. ಆ ಹಣದಲ್ಲಿ ಪರೀಕ್ಷೆಯ ಫೀಜು ತಾನೇ ಕಟ್ಟಿದಳು. ಬುಗಡಿ ಒತ್ತೆ ಇಟ್ಟ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಒಂದು ತೊಡಕು ಇದ್ದೇ ಇದೆ. ಎಲೆ ಒಣಗಿ ಪುಡಿಯಾಗುತ್ತದೆ, ಬೆಂಡನ್ನು ಹುಳ ತಿನ್ನುತ್ತದೆ, ಹಿತ್ತಾಳೆ ತಂತಿ ಗುಜರಿಗೆ ಹೋಗುತ್ತದೆ. ಬಂಗಾರವನ್ನಾದರೂ ಕರಗಿಸಿ ಹೊಸದು ಮಾಡಿಸುತ್ತಾರೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದು ಶ್ರೀಮಂತರ ಕಿವಿ ಮಾತ್ರ. ಮಿಕ್ಕವರ ಕಿವಿಗಳು ಉಳಿದಿರುವುದು ಹೆಸರುಗಳಲ್ಲಿ. ಬುಗಡಿ, ಬಾವುಲಿ, ಝುಮಕಿ, ಬೆಂಡ್ವಾಲಿ, ಕೊಪ್ಪು, ಲೋಲಾಕು, ಇವು ನನ್ನ ವಹಿಯಲ್ಲಿರುವವು. ನಿಮ್ಮ ಮನೆಯ ಹಿರಿಯ ಹೆಂಗಸರ ಬಾಯಲ್ಲಿ ಇನ್ನಷ್ಟು ಇರುತ್ತವೆ. ಒಂದು ಮಧ್ಯಾಹ್ನ ಅವರ ಹತ್ತಿರ ಕೂತು ಯಾವುದು ಕಿವಿಯ ಯಾವ ತೂತಿನದು, ಯಾರು ಮಾಡಿದ್ದು, ಯಾವ ವರ್ಷ ಮಾರಿದ್ದು, ಯಾವುದಕ್ಕೆ ಮಾರಿದ್ದು ಎಂದು ಕೇಳಿ ಬರೆದಿಡಿ. ಕೊನೆಯ ಎರಡು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಬರ, ಬಾಣಂತನ, ಮಗನ ಓದು, ಮಗಳ ಮದುವೆ ಎಲ್ಲ ಬರುತ್ತವೆ. ಆ ಊರಿನ ಇತಿಹಾಸ ಅಲ್ಲಿಂದ ಬರೆಯಲು ಶುರು ಮಾಡಬಹುದು.